ಸಣ್ಣ ತೋಟದ ಕೋಳಿಗಳಿಗೆ ಕಡಿಮೆ ಖರ್ಚಿನಲ್ಲಿ ಆಹಾರ ಕೊಡುವುದು ಹೇಗೆ?

ಕೃಷಿಕ, ಹಿರಿಯಡ್ಕ

ಎಲ್ಲರಿಗೂ ನಮಸ್ಕಾರ. ಹಿರಿಯಡ್ಕದ ಸಮೀಪ ನಮ್ಮದೊಂದು ಸಣ್ಣ ಅಡಿಕೆ ತೋಟವಿದ್ದು, ಅದರ ಬದಿಯಲ್ಲಿ ಸುಮಾರು 40 ಕೋಳಿಗಳನ್ನು ಸಾಕುತ್ತಿದ್ದೇವೆ. ಅರ್ಧದಷ್ಟು ಊರಿನ ಕೋಳಿಗಳು, ಉಳಿದವು ಸ್ವರ್ಣಧಾರಾ ತಳಿಯವು. ಹಗಲು ತೋಟದಲ್ಲಿ ಬಿಟ್ಟು ಸಂಜೆ ಗೂಡಿಗೆ ಸೇರಿಸುತ್ತೇವೆ. ಲೇಯರ್ ಫೀಡಿನ (ಮೊಟ್ಟೆಕೋಳಿಗಳ ಸಿದ್ಧ ಆಹಾರ) ಚೀಲಕ್ಕೆ ಕೊಡುವ ಹಣವನ್ನೂ ಅದು ಮುಗಿಯುವಷ್ಟರಲ್ಲಿ ಮೊಟ್ಟೆಯಿಂದ ಬಂದ ಹಣವನ್ನೂ ಅಕ್ಕಪಕ್ಕ ಬರೆದು ನೋಡಿದರೆ, ಲಾಭವೆಂದು ಉಳಿಯುವುದು ಅಡಿಕೆಯ ಬುಡಕ್ಕೆ ಹೋಗುವ ಗೊಬ್ಬರ ಮಾತ್ರ.

ಕಾರ್ಕಳದ ಕುಚ್ಚಲಕ್ಕಿ ಮಿಲ್ಲುಗಳಿಂದ ತೌಡು ಮತ್ತು ನುಚ್ಚಕ್ಕಿ, ಎಣ್ಣೆ ಮಿಲ್ಲಿನಿಂದ ತೆಂಗಿನ ಹಿಂಡಿ, ಮಲ್ಪೆಯ ಕಡೆಯಿಂದ ಒಣಮೀನು, ಇವೆಲ್ಲ ನಮಗೆ ಸಮೀಪದಲ್ಲೇ ಸಿಗುತ್ತವೆ. ಬೇಸಿಗೆಯ ಕೊನೆಗೆ ಹಲಸಿನ ಬೀಜವೂ ಬೇಕಾದಷ್ಟಿರುತ್ತದೆ. ಆದರೆ ನುಚ್ಚಕ್ಕಿ ಮತ್ತು ತೌಡನ್ನೇ ನೆಚ್ಚಿಕೊಂಡ ಮನೆಗಳಲ್ಲಿ ಕೋಳಿಗಳು ದಪ್ಪಗಾಗಿ ಮೊಟ್ಟೆ ಇಳಿದದ್ದನ್ನು ನೋಡಿದ್ದೇನೆ. ನೀರಿನ ಮೇಲೆ ತೇಲಿ ಬೆಳೆಯುವ ಅಝೋಲಾ ಎಂಬ ಸಣ್ಣ ಜರಿಗಿಡವನ್ನು ಬೆಳೆಸಿದರೆ ಫೀಡೇ ಬೇಡ ಎಂದು ಹೇಳುವವರೂ ಇದ್ದಾರೆ. ಇವುಗಳಲ್ಲಿ ಯಾವುದನ್ನು ಎಷ್ಟು ಬೆರೆಸಬಹುದು, ಮಳೆಗಾಲದ ನಾಲ್ಕು ತಿಂಗಳು ಹೇಗೆ ನಿಭಾಯಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಗೃಹಿಣಿ, ಕಾಪು

ನೀವು ಹೇಳಿದ ಸಾಮಗ್ರಿಗಳಲ್ಲಿ ಹೆಚ್ಚಿನವು ಹೊಟ್ಟೆ ತುಂಬಿಸುವಂಥವು. ಮೊಟ್ಟೆ ಕಟ್ಟುವ ಸಾಮಗ್ರಿ ಬೇರೆ. ಮೊಟ್ಟೆಯಿಡುವ ಕೋಳಿಯೊಂದು ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ, ಮತ್ತು ಅದರಲ್ಲಿ 16ರಿಂದ 18 ಶೇಕಡಾ ಪ್ರೋಟೀನ್ ಇರಬೇಕು. ನುಚ್ಚಕ್ಕಿಯಲ್ಲಿ ಇರುವುದು ಸುಮಾರು 8 ಶೇಕಡಾ, ಮೆಕ್ಕೆಜೋಳದಲ್ಲಿ 9, ಒಳ್ಳೆಯ ತೌಡಿನಲ್ಲಿ 12-13. ಈ ಮೂರನ್ನು ಹೇಗೆ ಬೆರೆಸಿದರೂ 16 ಮುಟ್ಟುವುದಿಲ್ಲ. ನೀವು ನೋಡಿದ ಕೋಳಿಗಳು ದಪ್ಪಗಾಗಿ ಮೊಟ್ಟೆ ನಿಲ್ಲಿಸಿದ್ದಕ್ಕೆ ಇದೇ ಕಾರಣವಿರಬೇಕು. ಹಾಗಾಗಿ ಅಕ್ಕಿಯ ಭಾಗವನ್ನು ಊರಿನಲ್ಲೇ ಅಗ್ಗವಾಗಿ ಹೊಂದಿಸಿಕೊಂಡು, ಕೈಯಲ್ಲಿರುವ ಹಣವನ್ನು ಪ್ರೋಟೀನಿನ ಮೇಲೆ ಹಾಕಬೇಕು.

ಹಿಂಡಿ ಕೊಳ್ಳುವಾಗ ಚೀಲದ ಬೆಲೆಯನ್ನಷ್ಟೇ ನೋಡಬಾರದು. ಲೆಕ್ಕಕ್ಕಾಗಿ, ಕಿಲೋಗೆ 35 ರೂಪಾಯಿಯ ತೆಂಗಿನ ಹಿಂಡಿ ಮತ್ತು 50 ರೂಪಾಯಿಯ ಶೇಂಗಾ ಹಿಂಡಿ ಎದುರಿಗಿವೆ ಎಂದುಕೊಳ್ಳೋಣ. ತೆಂಗಿನ ಹಿಂಡಿಯಲ್ಲಿ ಸುಮಾರು 20 ಶೇಕಡಾ ಪ್ರೋಟೀನ್ ಇರುವುದರಿಂದ ಒಂದು ಕಿಲೋ ಪ್ರೋಟೀನಿಗೆ 175 ರೂಪಾಯಿ ತೆತ್ತಂತಾಗುತ್ತದೆ. ಶೇಂಗಾ ಹಿಂಡಿಯಲ್ಲಿ ಸುಮಾರು 42 ಶೇಕಡಾ ಇರುವುದರಿಂದ 119 ರೂಪಾಯಿಗೆ ಮುಗಿಯುತ್ತದೆ. ಮೇಲಾಗಿ ತೆಂಗಿನ ಹಿಂಡಿಯಲ್ಲಿ ನಾರು ಹೆಚ್ಚು. ದನಕ್ಕೆ ಅದು ಒಳ್ಳೆಯದು, ಕೋಳಿಗೆ ಸ್ವಲ್ಪವೇ ಸಾಕು.

ನಮ್ಮ ಮನೆಯಲ್ಲಿ 100 ಕಿಲೋ ಮಿಶ್ರಣಕ್ಕೆ 40 ಕಿಲೋ ಒಡೆದ ಮೆಕ್ಕೆಜೋಳ, 15 ಕಿಲೋ ನುಚ್ಚಕ್ಕಿ, 15 ಕಿಲೋ ತೌಡು, 12 ಕಿಲೋ ಶೇಂಗಾ ಹಿಂಡಿ, 5 ಕಿಲೋ ತೆಂಗಿನ ಹಿಂಡಿ, 6 ಕಿಲೋ ಒಣಮೀನಿನ ಪುಡಿ, 6 ಕಿಲೋ ಕುಟ್ಟಿದ ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು ಮತ್ತು 1 ಕಿಲೋ ಕೋಳಿಗಳಿಗೆಂದೇ ಸಿಗುವ ಖನಿಜ–ವಿಟಮಿನ್ ಮಿಶ್ರಣ ಹಾಕುತ್ತೇವೆ. ಒಟ್ಟು ಪ್ರೋಟೀನ್ ಸುಮಾರು 16 ಶೇಕಡಾ ಬರುತ್ತದೆ. ಶೇಂಗಾ ಹಿಂಡಿಯಲ್ಲಿ ಕಡಿಮೆಯಿರುವ ಲೈಸಿನ್, ಮೆಥಿಯೋನಿನ್ ಎಂಬ ಪ್ರೋಟೀನಿನ ಘಟಕಗಳನ್ನು ಮೀನು ತುಂಬಿಕೊಡುವುದರಿಂದ ಅದನ್ನು ಪೂರ್ತಿ ಬಿಡಬೇಡಿ. 6 ಕಿಲೋವನ್ನು ಬಹಳ ಮೀರಿಸಲೂ ಬೇಡಿ, ಮೊಟ್ಟೆಗೆ ಮೀನಿನ ವಾಸನೆ ಹತ್ತಿದರೆ ಕೊಳ್ಳುವವರು ಎರಡನೆಯ ಬಾರಿ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲವಾದ್ದರಿಂದ, ಮನೆಯ ಅಡುಗೆಗೆ ಒಣಮೀನು ಎತ್ತಿಡುವ ಹೊತ್ತಿಗೇ ಕೋಳಿಯ ಪಾಲನ್ನೂ ತಂದಿಡುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಹುಡುಕಿಕೊಂಡು ಹೋದರೆ ಬೆಲೆಯೂ ಹೆಚ್ಚು, ಮೀನೂ ಮೆತ್ತಗಾಗಿರುತ್ತದೆ.

ತೌಡಿನ ಬಗ್ಗೆ ಒಂದು ಮಾತು. ಕುಚ್ಚಲಕ್ಕಿಯ ತೌಡು ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯ ತೌಡಿನಷ್ಟು ಬೇಗ ಕಮಟುವುದಿಲ್ಲ, ಏಕೆಂದರೆ ಭತ್ತ ಬೇಯುವಾಗಲೇ ಎಣ್ಣೆಯನ್ನು ಕೆಡಿಸುವ ಕಿಣ್ವ ಸಾಯುತ್ತದೆ. ಈ ವಿಷಯದಲ್ಲಿ ನಾವು ಕರಾವಳಿಯವರು ಅದೃಷ್ಟವಂತರು. ಆದರೆ ಉಮಿ ಬೆರೆತ ತೌಡು ಕೋಳಿಗೆ ದಂಡ. ಒಂದು ಹಿಡಿ ತೌಡನ್ನು ಜರಡಿ ಹಿಡಿದು ನೋಡಿ, ಮೇಲೆ ಉಳಿಯುವ ಉಮಿ ಹೆಚ್ಚಿದ್ದರೆ ಮಿಲ್ಲು ಬದಲಾಯಿಸಿ.

ತೋಟದ ಕೆಲಸದವನು, ಬೆಳ್ತಂಗಡಿ

ಕಾಪುವಿನ ಅಕ್ಕ ಕೊಟ್ಟ ಮಿಶ್ರಣದಲ್ಲಿ ನನಗೆ ಆಕ್ಷೇಪವಿಲ್ಲ. ಆದರೆ ಅದಕ್ಕಿಂತ ಮೊದಲು ಯಾವ ಕೋಳಿಗೆ ಹಾಕುತ್ತಿದ್ದೇವೆ ಎಂಬ ಪ್ರಶ್ನೆ ಬರಬೇಕು. ದಿನಕ್ಕೆ 100 ಗ್ರಾಂ ಎಂದರೆ ವರ್ಷಕ್ಕೆ ಮೂವತ್ತಾರೂವರೆ ಕಿಲೋ. ಊರಿನ ಕೋಳಿ ವರ್ಷಕ್ಕೆ 60-80 ಮೊಟ್ಟೆಯಿಟ್ಟು ನಡುನಡುವೆ ಕಾವಿಗೆ ಕೂರುತ್ತದೆ. ಅದಕ್ಕೆ ಪೂರ್ತಿ ಕೊಂಡ ಆಹಾರವನ್ನೇ ಹಾಕಿದರೆ ಒಂದೊಂದು ಮೊಟ್ಟೆಗೆ ಅರ್ಧ ಕಿಲೋ ಆಹಾರ ಖರ್ಚಾದಂತಾಯಿತು. ಯಾವ ಮಿಶ್ರಣವೂ ಈ ಲೆಕ್ಕವನ್ನು ಸರಿಪಡಿಸಲಾರದು. ಸ್ವರ್ಣಧಾರಾದಂತಹ ತಳಿ ಚೆನ್ನಾಗಿ ನೋಡಿಕೊಂಡರೆ 180ರ ಆಸುಪಾಸಿನಲ್ಲಿ ಇಡುವುದರಿಂದ ಅಲ್ಲಿ ಮೊಟ್ಟೆಯೊಂದಕ್ಕೆ 200 ಗ್ರಾಂ ಮಾತ್ರ ತಗಲುತ್ತದೆ. ನಮ್ಮ ಹಿರಿಯರಿಗೆ ಊರಿನ ಕೋಳಿ ಕಟ್ಟುತ್ತಿದ್ದುದು ಅದು ಮುಕ್ಕಾಲು ಪಾಲು ಆಹಾರವನ್ನು ತಾನೇ ಕೆದಕಿ ಹುಡುಕಿಕೊಳ್ಳುತ್ತಿದ್ದುದರಿಂದ, ಮತ್ತು ಅಂಗಳದಲ್ಲಿ ಹತ್ತು ಹನ್ನೆರಡು ಕೋಳಿಗಳಷ್ಟೇ ಇರುತ್ತಿದ್ದುದರಿಂದ. ಅದೇ ಅಂಗಳಕ್ಕೆ 40 ಕೋಳಿ ಬಿಟ್ಟರೆ ಕೆಲವೇ ವಾರಗಳಲ್ಲಿ ನೆಲ ಬೋಳಾಗಿ, ಹುಳುವೂ ಇಲ್ಲ ಹುಲ್ಲೂ ಇಲ್ಲ ಎಂಬ ಸ್ಥಿತಿ ಬರುತ್ತದೆ.

ಆದ್ದರಿಂದ ಎರಡು ಜಾತಿಗಳನ್ನು ಬೇರೆ ಮಾಡಿ. ಸ್ವರ್ಣಧಾರಾಗಳಿಗೆ ಮಿಶ್ರಣ ಹೊಟ್ಟೆ ತುಂಬ ಇರಲಿ. ಊರಿನವಕ್ಕೆ ಬೆಳಿಗ್ಗೆ ಏನೂ ಹಾಕದೆ ತೋಟಕ್ಕೆ ಬಿಟ್ಟು, ಸಂಜೆ ಗೂಡಿಗೆ ಬಂದಾಗ ತಲಾ 40-50 ಗ್ರಾಂ ಕೊಡಿ. ಸಂಜೆಯ ತುತ್ತಿನ ಆಸೆಗೆ ತಾವಾಗಿಯೇ ಬರುತ್ತವೆ, ಮುಂಗುಸಿಯ ಬಾಯಿಗೆ ಬೀಳುವುದೂ ಕಡಿಮೆಯಾಗುತ್ತದೆ. ಬೇಡದ ಹುಂಜಗಳನ್ನೂ ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆಗಳನ್ನೂ ಇಟ್ಟುಕೊಳ್ಳಬೇಡಿ. ಊರಿನ ಹುಂಜಕ್ಕೆ ನಮ್ಮಲ್ಲಿ ಗಿರಾಕಿಗಳ ಕೊರತೆಯಿಲ್ಲ. ಅಂತಹ ಹತ್ತು ಕೋಳಿಗಳು ಹೋದರೆ ದಿನಕ್ಕೊಂದು ಕಿಲೋ ಆಹಾರ ಉಳಿಯಿತು. ಆಹಾರದ ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ, ಮೂರನೇ ಒಂದು ಭಾಗ ಮಾತ್ರ ತುಂಬಿಸಿದರೆ ಚೆಲ್ಲುವುದೂ ತಪ್ಪುತ್ತದೆ. ರಾತ್ರಿ ಪಾತ್ರೆ ಖಾಲಿಯಿರಲಿ. ಇಲ್ಲದಿದ್ದರೆ ಫೀಡಿನ ಚೀಲ ಇಲಿ ಹೆಗ್ಗಣಗಳಿಗೂ ಹಂಚಿಹೋಗುತ್ತದೆ.

ಅಝೋಲಾದ ಪ್ರಚಾರ ನನಗಂತೂ ಸ್ವಲ್ಪ ಅತಿಯೆನಿಸುತ್ತದೆ. ಒಣಗಿಸಿ ಪರೀಕ್ಷಿಸಿದಾಗ ಅದರಲ್ಲಿ 20-25 ಶೇಕಡಾ ಪ್ರೋಟೀನ್ ಇರುವುದು ನಿಜ. ಆದರೆ ತೊಟ್ಟಿಯಿಂದ ಎತ್ತಿದ ಹಸಿ ಅಝೋಲಾದಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಒಂದು ಕಿಲೋ ಎತ್ತಿದರೆ ಸಿಗುವ ಪ್ರೋಟೀನ್ ಸುಮಾರು 15 ಗ್ರಾಂ. ನಿಮ್ಮ 40 ಕೋಳಿಗಳಿಗೆ ದಿನಕ್ಕೆ ಬೇಕಾದದ್ದು 640 ಗ್ರಾಂ. ಹಳದಿ ಲೋಳೆಗೆ ಒಳ್ಳೆಯ ಬಣ್ಣ ಬರುತ್ತದೆ, ಸೊಪ್ಪಿನ ಅಂಶ ಸಿಗುತ್ತದೆ, ಅಷ್ಟರಮಟ್ಟಿಗೆ ಬೆಳೆಸಿ. ಬೇಲಿಯ ನುಗ್ಗೆಸೊಪ್ಪು ಇದೇ ಕೆಲಸವನ್ನು ತೊಟ್ಟಿಯ ಆರೈಕೆಯಿಲ್ಲದೆ ಮಾಡುತ್ತದೆ.

ಅದಕ್ಕಿಂತ ಉತ್ತಮವಾದದ್ದು ಒರಲೆ, ಅಂದರೆ ಗೆದ್ದಲು. ಹುತ್ತವನ್ನು ಕೆಣಕುವ ಮಾತು ನಮ್ಮ ಊರುಗಳಲ್ಲಿ ಬರುವುದೇ ಇಲ್ಲ, ಬರಲೂಬಾರದು. ತೋಟದ ಮೂಲೆಯಲ್ಲಿ ಹಳೆಯ ಮಡಕೆಯೊಂದಕ್ಕೆ ಒದ್ದೆ ಬೈಹುಲ್ಲು ಮತ್ತು ಸೆಗಣಿ ತುಂಬಿ, ಒರಲೆ ಓಡಾಡುವ ಕಡೆ ಕವುಚಿಟ್ಟರೆ ರಾತ್ರಿ ಬೆಳಗಾಗುವಷ್ಟರಲ್ಲಿ ತುಂಬಿಕೊಂಡಿರುತ್ತದೆ. ಕೊಳೆತ ಅಡಿಕೆ ಹಾಳೆ, ತೆಂಗಿನ ಸಿಪ್ಪೆಯ ರಾಶಿಯನ್ನು ಆಗಾಗ ಮಗುಚಿ ಕೊಟ್ಟರೂ ಸಾಕು. ಚಿಕ್ಕ ಮರಿಗಳಿಗೆ ಇದಕ್ಕಿಂತ ಒಳ್ಳೆಯ ತಿನಿಸನ್ನು ನಾನು ನೋಡಿಲ್ಲ, ಆದರೆ ಮಳೆಗಾಲದಲ್ಲಿ ಇದು ಕೈಕೊಡುತ್ತದೆ.

ಕೃಷಿಕ, ಹಿರಿಯಡ್ಕ

ಇಬ್ಬರಿಗೂ ಧನ್ಯವಾದಗಳು. ಅಕ್ಕ, ಮಲ್ಪೆಯಲ್ಲಿ ಸುಲಭವಾಗಿ ಸಿಗುವುದು ಉಪ್ಪು ಹಾಕಿ ಒಣಗಿಸಿದ ಮೀನು. ಅದನ್ನೇ ಪುಡಿ ಮಾಡಬಹುದೇ? ಮೇ ತಿಂಗಳಲ್ಲೇ ಶೇಂಗಾ ಹಿಂಡಿ ಮತ್ತು ಮೆಕ್ಕೆಜೋಳವನ್ನೂ ನಾಲ್ಕು ತಿಂಗಳಿಗಾಗುವಷ್ಟು ತಂದಿಟ್ಟರೆ ಸಾಗಾಟದ ಖರ್ಚು ಉಳಿಯುತ್ತದೆ ಎಂದು ಯೋಚಿಸುತ್ತಿದ್ದೇನೆ.

ನಿವೃತ್ತ ಪಶುವೈದ್ಯ, ಮಂಗಳೂರು

ಈ ಎರಡು ಪ್ರಶ್ನೆಗಳಿಗೂ ನಾನು ಬೇಡ ಎಂದೇ ಹೇಳುತ್ತೇನೆ.

ಕೋಳಿಯ ಆಹಾರದಲ್ಲಿ ಉಪ್ಪು ಇರಬೇಕಾದದ್ದು 0.3 ಶೇಕಡಾ, ಅಂದರೆ ಕ್ವಿಂಟಾಲಿಗೆ 300 ಗ್ರಾಂ. ಉಪ್ಪುಮೀನಿನಲ್ಲಿ 15 ಶೇಕಡಾ ಉಪ್ಪಿದೆಯೆಂದು ಇಟ್ಟುಕೊಂಡರೂ 6 ಕಿಲೋ ಮೀನಿನೊಂದಿಗೆ 900 ಗ್ರಾಂ ಉಪ್ಪು ಸೇರಿಬಿಡುತ್ತದೆ. ಕೋಳಿಗಳು ಮಿತಿಮೀರಿ ನೀರು ಕುಡಿಯುತ್ತವೆ, ಹಿಕ್ಕೆ ನೀರಾಗುತ್ತದೆ, ಗೂಡಿನ ನೆಲ ಒದ್ದೆಯಾಗಿ ಮರಿಗಳಿಗೆ ರಕ್ತಭೇದಿ ಬರಲು ದಾರಿಯಾಗುತ್ತದೆ. ಕುಡಿಯುವ ನೀರು ಸ್ವಲ್ಪ ಹೊತ್ತು ಖಾಲಿಯಾದರೂ ಮರಿಗಳು ಸಾಯಬಹುದು. ಮೀನುಗಾರರ ಬಳಿ ಮೊದಲೇ ಹೇಳಿಟ್ಟು, ಉಪ್ಪು ಹಾಕದೆ ಒಣಗಿಸಿದ ಚಿಲ್ಲರೆ ಮೀನನ್ನು ತರಿಸಿಕೊಳ್ಳಿ. ಅದು ಸಿಗದಿದ್ದರೆ ಮನೆಯಲ್ಲಿ ಬೂತಾಯಿ, ಬಂಗುಡೆ ಶುಚಿ ಮಾಡಿದಾಗ ಉಳಿಯುವ ತಲೆ ಮತ್ತು ಕರುಳನ್ನು ಚೆನ್ನಾಗಿ ಬೇಯಿಸಿ ಅಂದಂದೇ ಕೊಡಬಹುದು.

ದಾಸ್ತಾನಿನ ವಿಷಯ ಇದಕ್ಕಿಂತಲೂ ಗಂಭೀರವಾದುದು. ಮೆಕ್ಕೆಜೋಳ ನಮಗೆ ದಾವಣಗೆರೆ, ಹಾವೇರಿಯಂತಹ ಒಣ ಹವೆಯ ಜಿಲ್ಲೆಗಳಿಂದ ಬರುತ್ತದೆ, ಶೇಂಗಾ ಹಿಂಡಿ ಚಳ್ಳಕೆರೆಯ ಕಡೆಯಿಂದ. ಅಲ್ಲಿ ಗರಿಗರಿಯಾಗಿದ್ದ ಸರಕು ಘಟ್ಟ ಇಳಿದು ನಮ್ಮ ಜುಲೈ ತಿಂಗಳ ಹವೆಗೆ ಬಿದ್ದರೆ, ಚೀಲದ ಬಾಯಿ ಕಟ್ಟಿದ್ದರೂ ತೇವ ಹೀರಿಕೊಳ್ಳುತ್ತದೆ. ತೇವಾಂಶ 12-13 ಶೇಕಡಾ ದಾಟಿದ ಮೇಲೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಇದು ಕೋಳಿಯ ಪಿತ್ತಜನಕಾಂಗವನ್ನು ಹಾಳುಮಾಡಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಕಣ್ಣಿಗೆ ಕಾಣುವಂತೆ ಕೋಳಿ ಸಾಯದೆಯೂ ಮೊಟ್ಟೆ ಇಳಿಯುತ್ತದೆ, ಹಾಕಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ಕೊಡವಿ, ಒಲೆಯ ಮೇಲೆ ಬಿಸಿ ಮಾಡಿ ಕೊಡುವವರಿದ್ದಾರೆ. ಬೂಷ್ಟು ಸಾಯಬಹುದು, ಆದರೆ ಒಮ್ಮೆ ಸೇರಿದ ವಿಷ ಅಡುಗೆಯ ಬಿಸಿಗೆ ಹೋಗುವುದಿಲ್ಲ. ಅಂತಹ ಹಿಂಡಿಯನ್ನು ಹಸುವಿಗೂ ಹಾಕಬಾರದು, ಏಕೆಂದರೆ ವಿಷದ ಅಂಶ ಹಾಲಿಗೆ ಇಳಿಯುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ಎರಡು ವಾರಕ್ಕೆ ಬೇಕಾದಷ್ಟನ್ನೇ ತನ್ನಿ. ಸಾಗಾಟದ ಖರ್ಚು ಹೆಚ್ಚೆನಿಸಿದರೆ ನೆರೆಯ ನಾಲ್ಕು ಮನೆಯವರು ಸೇರಿ ತರಿಸಿಕೊಂಡು ಹಂಚಿಕೊಳ್ಳಬಹುದು. ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ, ಆ ವಾರದ ಪಾಲನ್ನು ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇಂಗಾ ಹಿಂಡಿಯ ಬದಲು ಸೋಯಾ ಹಿಂಡಿ ಬಳಸುವುದು ಹೆಚ್ಚು ಸುರಕ್ಷಿತ. ಅದರಲ್ಲಿ 44-46 ಶೇಕಡಾ ಪ್ರೋಟೀನ್ ಇರುವುದರಿಂದ ತೂಕವನ್ನು ಬದಲಾಯಿಸಬೇಕಾಗಿಲ್ಲ.

ಕಾಪುವಿನ ಸಹೋದರಿಯವರ ಮಿಶ್ರಣದಲ್ಲಿ ಒಂದು ತಿದ್ದುಪಡಿ ಮಾಡಬೇಕು. ಹೇಂಟೆ, ಹುಂಜ, ಬೆಳೆಯುವ ಮರಿ ಎಲ್ಲವೂ ಒಂದೇ ಪಾತ್ರೆಯಿಂದ ತಿನ್ನುವ ಕಡೆ ಚಿಪ್ಪಿನ ಪುಡಿಯನ್ನು ಪೂರ್ತಿ ಮಿಶ್ರಣಕ್ಕೆ ಹಾಕಬಾರದು, ಹೆಚ್ಚಿನ ಸುಣ್ಣದಂಶ ಮರಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಮಿಶ್ರಣಕ್ಕೆ 2 ಕಿಲೋ ಹಾಕಿ, ಉಳಿದದ್ದನ್ನು ಬೇರೊಂದು ಡಬ್ಬದಲ್ಲಿ ಇಡಿ. ಮೊಟ್ಟೆಯ ಚಿಪ್ಪು ಕಟ್ಟಿಕೊಳ್ಳುವುದು ರಾತ್ರಿಯಾದ್ದರಿಂದ ಹೇಂಟೆಗಳು ಸಂಜೆ ತಾವಾಗಿಯೇ ಅದನ್ನು ಹುಡುಕಿಕೊಂಡು ಬರುತ್ತವೆ. ಚಿಪ್ಪನ್ನು ಹಿಟ್ಟಿನಂತೆ ಮಾಡದೆ ಭತ್ತದ ಕಾಳಿನ ಗಾತ್ರಕ್ಕೆ ಕುಟ್ಟಿ. ಸುಟ್ಟ ಸುಣ್ಣವನ್ನು ಮಾತ್ರ ಎಂದಿಗೂ ಹಾಕಬೇಡಿ. ಎರಡು ತಿಂಗಳೊಳಗಿನ ಮರಿಗಳಿಗೆ 20 ಶೇಕಡಾ ಪ್ರೋಟೀನಿನ ಸ್ಟಾರ್ಟರ್ ಫೀಡನ್ನೇ ಕೊಳ್ಳಿ. ಅವು ತಿನ್ನುವುದು ಅಲ್ಪ, ಅಲ್ಲಿ ಉಳಿಸಲು ಹೋಗಬೇಡಿ.

ಹಲಸಿನ ಬೀಜವನ್ನು ಬೇಯಿಸಿ, ಜಜ್ಜಿ ನುಚ್ಚಕ್ಕಿಯ ಬದಲಿಗೆ ಕೊಡಬಹುದು. ಹಸಿಯಾಗಿ ಕೊಟ್ಟರೆ ಅದರಲ್ಲಿರುವ ಅಂಶಗಳು ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುತ್ತವೆ. ಇನ್ನು, ಮಳೆಗಾಲದಲ್ಲಿ ಮೊಟ್ಟೆ ಇಳಿದರೆ ಎಲ್ಲ ತಪ್ಪನ್ನೂ ಆಹಾರದ ಮೇಲೆ ಹೊರಿಸಬೇಡಿ. ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ಮೋಡ ಕವಿದ ದಿನಗಳಲ್ಲಿ ಗೂಡಿನೊಳಗೆ ಅದು ಸಿಗುವುದಿಲ್ಲ. ಮುಂಜಾನೆ ಮತ್ತು ಸಂಜೆ ಒಂದು ಸಣ್ಣ ಎಲ್ಇಡಿ ಬಲ್ಬು ಉರಿಸಿದರೆ ಸಾಕು.

ಕೃಷಿಕ, ಹಿರಿಯಡ್ಕ

ಡಾಕ್ಟರೇ, ತುಂಬಾ ಉಪಕಾರವಾಯಿತು. ಊರಿನವನ್ನೂ ಸ್ವರ್ಣಧಾರಾಗಳನ್ನೂ ಬೇರೆ ಮಾಡಲು ಬಲೆ ತರಿಸುತ್ತಿದ್ದೇನೆ. ಜೂನ್‌ನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ನೀರು) ಸಿಂಪಡಿಸುವಾಗ ಕೋಳಿಗಳನ್ನು ತೋಟಕ್ಕೆ ಬಿಡಬಹುದೇ?

ತೋಟದ ಕೆಲಸದವನು, ಬೆಳ್ತಂಗಡಿ

ಸಿಂಪಡಿಸುವ ದಿನ ಬಿಡಬೇಡಿ. ಗೊನೆಯಿಂದ ತೊಟ್ಟಿಕ್ಕಿದ ಮೈಲುತುತ್ತದ ನೀರು ಹಾಳೆಗಳಲ್ಲಿ ನಿಂತಿರುತ್ತದೆ, ಕೋಳಿಗಳು ಅದನ್ನೇ ಕುಡಿಯುತ್ತವೆ. ಒಂದೆರಡು ಒಳ್ಳೆಯ ಮಳೆ ಬಿದ್ದು ಹಾಳೆಗಳೆಲ್ಲ ತೊಳೆದುಹೋದ ಮೇಲೆ ಬಿಡಿ. ಅಲ್ಲಿಯವರೆಗೆ ಊರಿನ ಕೋಳಿಗಳಿಗೂ ಗೂಡಿನಲ್ಲೇ ಪೂರ್ತಿ ಆಹಾರ ಕೊಡಬೇಕಾಗುವುದರಿಂದ ಆ ವಾರದ ಮಿಶ್ರಣವನ್ನು ಸ್ವಲ್ಪ ಹೆಚ್ಚಾಗಿಯೇ ಮಾಡಿಟ್ಟುಕೊಳ್ಳಿ. ಬಲೆ ಹಾಕುವಾಗ ಎಳೆಯ ಕಾಳುಮೆಣಸಿನ ಬಳ್ಳಿಗಳ ಬುಡವನ್ನೂ ಸೇರಿಸಿಕೊಳ್ಳಿ, ಕೋಳಿ ಕೆದಕಿದ ಬುಡದಲ್ಲಿ ಬೇರು ಹೊರಬರುತ್ತದೆ.