ಭಾವ, ಒಬ್ಬ ಟೈಲರ್ ಕಥೆ ಕೇಳಿ

ಭಾವ, ಬೆಳಿಗ್ಗೆ ಗ್ರೂಪಲ್ಲಿ ನಿಮ್ಮ ಮೆಸೇಜ್ ನೋಡಿದೆ. ಪುಟ್ಟಿ ಫ್ಯಾಷನ್ ಡಿಸೈನ್ ಓದುತ್ತೇನೆ ಅಂದಿದ್ದಕ್ಕೆ ‘ಟೈಲರ್ ಆಗೋಕೆ ಅಷ್ಟೊಂದು ಫೀಸು ಯಾಕೆ’ ಅಂತ ಹಾಕಿದ್ದೀರಿ. ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುವವಳು ನಾನು, ಸ್ವಲ್ಪ ಚುಚ್ಚಿತು. ಇರಲಿ.

ಲಂಡನ್ನಿನ ಫ್ಯಾಷನ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ ಹೆಸರು ಕೇಳಿದ್ದೀರಾ? ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು, ಆರು ಮಕ್ಕಳಲ್ಲಿ ಇವನೇ ಕೊನೆಯವನು. 16ಕ್ಕೇ ಸ್ಕೂಲು ಬಿಟ್ಟು, ಸೂಟ್ ಹೊಲಿಯುವವರ ಬೀದಿ ಸ್ಯಾವಿಲ್ ರೋದಲ್ಲಿ ಕೆಲಸ ಕಲಿಯೋಕೆ ಸೇರಿಕೊಂಡ. ಕೋಟಿನ ಎದೆ ಮೇಲೆ ಮಡಚಿದ ಪಟ್ಟಿ ಇರುತ್ತಲ್ಲ, ಅದರೊಳಗೆ ಕ್ಯಾನ್ವಾಸ್ ಇಟ್ಟು ಸಾಲುಸಾಲಾಗಿ ಕೈಹೊಲಿಗೆ ಹಾಕಬೇಕು, ಒಂದು ದಾರವೂ ಮುಂದೆ ಕಾಣಬಾರದು, ಪಟ್ಟಿ ಮಾತ್ರ ತಾನಾಗಿ ಬಾಗಿ ಕೂರಬೇಕು. ನನ್ನ ಕೈಯಲ್ಲಂತೂ ಆಗಲ್ಲ. ಅಷ್ಟು ಕಲಿತ ಮೇಲೆ ಅವನು ಕಾಲೇಜಿಗೆ ಹೋಗಿದ್ದು.

1992ರಲ್ಲಿ ಎಂ.ಎ.ಗೆ ಅಂತ ಮಾಡಿದ ಬಟ್ಟೆಗಳನ್ನೆಲ್ಲ ಇಸಬೆಲ್ಲಾ ಬ್ಲೋ ಅನ್ನುವ ಫ್ಯಾಷನ್ ಎಡಿಟರ್ 5,000 ಪೌಂಡಿಗೆ ಕೊಂಡಳು. ಅದೂ ಕಂತಲ್ಲಿ, ವಾರಕ್ಕೆ 100 ಪೌಂಡ್! ಇವನು ಕಸದ ಚೀಲದಲ್ಲಿ ಡ್ರೆಸ್ ತುಂಬಿಕೊಂಡು ಬರೋದು, ಅವಳು ನೋಡಿ, ಇವನನ್ನೂ ಕರಕೊಂಡು ಎಟಿಎಂಗೆ ಹೋಗೋದು.

ನಾಲ್ಕೇ ವರ್ಷಕ್ಕೆ ಪ್ಯಾರಿಸ್ಸಿನ ಜಿವಾಂಶಿ ಫ್ಯಾಷನ್ ಕಂಪನಿಗೆ ಇವನೇ ಮುಖ್ಯ ಡಿಸೈನರ್. ಕೈಹಿಡಿದು ಮೇಲೆ ತಂದ ಇಸಬೆಲ್ಲಾಗೆ ಅಲ್ಲೊಂದು ಕೆಲಸ ಸಿಗಲಿಲ್ಲ. ಆ ವಿಷಯಕ್ಕೆ ನನಗೆ ಇವನ ಮೇಲೆ ಈಗಲೂ ಸಿಟ್ಟಿದೆ. ಇವನ ಸ್ವಂತ ಬ್ರ್ಯಾಂಡಿನ 1998ರ ಶೋ ಯೂಟ್ಯೂಬಲ್ಲಿ ಹುಡುಕಿ ನೋಡಿ. ಬಿಳಿ ಡ್ರೆಸ್ ಹಾಕಿದ ಹುಡುಗಿ ತಿರುಗುವ ಹಲಗೆ ಮೇಲೆ ನಿಂತಿದ್ದಾಳೆ, ಎರಡು ರೋಬಾಟ್ ಅವಳ ಮೇಲೆ ಕಪ್ಪು, ಹಳದಿ ಬಣ್ಣ ಚಿಮ್ಮಿಸುತ್ತವೆ.

2007ರಲ್ಲಿ ಇಸಬೆಲ್ಲಾ ಆತ್ಮಹತ್ಯೆ ಮಾಡಿಕೊಂಡಳು. 2010ರ ಫೆಬ್ರವರಿ 2ಕ್ಕೆ ಮೆಕ್ವೀನ್‌ನ ಅಮ್ಮ ಹೋದರು. ಅದಕ್ಕೆ ಆರು ವರ್ಷ ಮುಂಚೆ ಒಂದು ಪತ್ರಿಕೆಗೆ ಅಂತ ಆ ಅಮ್ಮನೇ ಮಗನನ್ನು ಸಂದರ್ಶನ ಮಾಡಿದ್ದರು. ನಿನಗೆ ಎಲ್ಲಕ್ಕಿಂತ ಜಾಸ್ತಿ ಭಯ ಯಾವುದಕ್ಕೆ ಅಂತ ಕೇಳಿದಾಗ, ನಿನಗಿಂತ ಮುಂಚೆ ಸಾಯೋದಕ್ಕೆ ಅಂದಿದ್ದ. ಅಮ್ಮ ಹೋದ ಒಂಬತ್ತನೇ ದಿನ, ಅವರ ಅಂತ್ಯಕ್ರಿಯೆಗೆ ಒಂದು ದಿನ ಇದೆ ಅನ್ನುವಾಗ, ಅವನೂ ಜೀವ ತೆಗೆದುಕೊಂಡ. ಬರೀ 40 ವರ್ಷ.

ಹೆದರಿಸೋಕೆ ಹೇಳುತ್ತಿಲ್ಲ ಭಾವ. ಫೀಸಿನ ಲೆಕ್ಕ ನೀವೇ ನೋಡಿ. ಅವಳು ಹಾಸ್ಟೆಲಿಗೆ ಹೋದ ಮೇಲೆ ಫೋನ್ ಮಾಡಿದಾಗ ಮಾತ್ರ, ಮಾರ್ಕ್ಸ್ ಆಮೇಲೆ, ಮೊದಲು ‘ನಿದ್ದೆ ಬಂತಾ’ ಅಂತ ಕೇಳಿ.

ಪುಟ್ಟೀ, ಭಾನುವಾರ ಬಾ. ಮಿಷನ್ ಮುಟ್ಟೋಕೆ ಬಿಡಲ್ಲ, ಹೆಮ್ಮಿಂಗಿಂದ ಶುರು.