ಐದೂವರೆ ವರ್ಷದ ಮಗುವಿಗೆ ಮನೆಯಲ್ಲೇ ಕನ್ನಡ ಓದಿಸೋದು ಹೇಗೆ? ಮಾಡಿ ನೋಡಿದವರು ಹೇಳಿ

ಸಂಜೆ_ಆರು: ಮಗಳಿಗೆ ಐದೂವರೆ, ಇಂಗ್ಲಿಷ್ ಮೀಡಿಯಂ. ಅ ಆ ಇ ಈ ಇಂದ ಳ ತನಕ ಹಾಡಿನ ಥರ ಒಪ್ಪಿಸ್ತಾಳೆ. ‘ಮ’ ಒಂದನ್ನೇ ಬರೆದು ತೋರಿಸಿದ್ರೆ ಪಿಳಿಪಿಳಿ ನೋಡ್ತಾಳೆ. ನಾನು ಟೀಚರಲ್ಲ. ದಿನಾ ಅರ್ಧ ಗಂಟೆ ಸಿಗತ್ತೆ. ಎಲ್ಲಿಂದ ಶುರು ಮಾಡ್ಲಿ?

ಬಳಪದ_ಚೂರು: ಮೊದಲು ಆ ಚಾರ್ಟನ್ನ ಗೋಡೆಯಿಂದ ಇಳಿಸಿ. ಹದಿಮೂರು ಸ್ವರ ಕಲಿತ ಮೇಲೂ ಮಗುಗೆ ಓದೋಕೆ ಸಿಗೋದು ‘ಆ’, ‘ಈ’ ಅಷ್ಟೇ. ರ ಗ ಸ ದ ಅ ಇಂದ ಹೋಗಿ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ, ಗದಗ ಎಲ್ಲ ಓದಬಹುದು. ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿರೋ ಕ್ರಮವೇ ಇದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾದ ಪದ್ಧತಿ, ಹೊಸದೇನಲ್ಲ.

ಒಂದು ಸಲಕ್ಕೆ ಎರಡೇ ಅಕ್ಷರ. ‘ಇದು ರ, ಇದು ಗ.’ ಆಮೇಲೆ ‘ಗ ಕೊಡು, ರ ನನ್ನ ಬೆನ್ನ ಹಿಂದೆ ಇಡು’ ಅಂತ ಎಂಟ್ಹತ್ತು ಸಲ ಆಡಿಸಿ. ಕೊನೆಗೆ ಮಾತ್ರ ‘ಇದೇನು?’ ಎಲ್ಲರೂ ಎಡವೋದು ಇಲ್ಲೇ, ನಡುವಿನ ಹಂತ ಹಾರಿಸಿ ನೇರವಾಗಿ ‘ಇದೇನು’ ಅಂತ ಪರೀಕ್ಷೆಗೆ ನಿಲ್ತಾರೆ. ಉತ್ತರ ಬರದಿದ್ರೆ ‘ತಪ್ಪು’ ಅನ್ನಬೇಡಿ, ತೆಪ್ಪಗೆ ಎರಡನೇ ಹಂತಕ್ಕೆ ವಾಪಸ್. ಅರ್ಧ ಗಂಟೆ ಒಟ್ಟಿಗೆ ಬೇಡ, ಹತ್ತು ನಿಮಿಷದ ಎರಡು ಪಾಳಿ ಸಾಕು.

ಉಪ್ಪುಕಾಗದ: ಕಣ್ಣಿಗಿಂತ ಬೆರಳಿಗೆ ಕಲಿಸಿ. ಉಪ್ಪುಕಾಗದದಲ್ಲಿ (ಸ್ಯಾಂಡ್‌ಪೇಪರ್) ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ, ಬೆರಳಲ್ಲಿ ಸವರಿಸಿ. 120 ನಂಬರಿನದು, 9×11 ಇಂಚಿನ ಹಾಳೆ. ಒಂದರಲ್ಲಿ ಆರು ಅಕ್ಷರ ಬರತ್ತೆ, 34 ವ್ಯಂಜನಕ್ಕೆ ಆರು ಹಾಳೆ. 80 ತಂದ್ರೆ ಬೆರಳು ಕೆರೆಯತ್ತೆ, ಮಗು ಮುಟ್ಟಲ್ಲ. 220 ತಂದ್ರೆ ನುಣ್ಣಗೆ, ಪ್ರಯೋಜನ ಇಲ್ಲ. ಹಿಂಬದಿ ಗೀಚಿ ಕತ್ತರಿಸೋರು ಅಕ್ಷರವನ್ನ ತಿರುಗಿಸಿ ಬರೀಬೇಕು, ಇಲ್ಲಾಂದ್ರೆ ‘ದ’ ಕನ್ನಡಿಯಲ್ಲಿ ನೋಡಿದ ಹಾಗೆ ಬಂದು ಇಡೀ ಹಾಳೆ ದಂಡ. ಮನೆ ಕತ್ತರಿ ಬಳಸಿದ್ರೆ ಅದರ ಹರಿತ ಮತ್ತೆ ಬರಲ್ಲ. ಬಿಳಿ ಗೋಂದಿಗೆ ರಟ್ಟು ಬಾಗತ್ತೆ, ರಾತ್ರಿಯಿಡೀ ಮೇಲೆ ಭಾರ ಇಡಿ.

ಹಳೇ_ಕಾಪಿ: ಇಷ್ಟೆಲ್ಲ ಯಾಕೆ? ತಟ್ಟೆಯಲ್ಲಿ ಒಂದು ಪಾವು ರಾಗಿ ಹರಡಿ, ಬೆರಳಲ್ಲಿ ತಿದ್ದಿಸಿ. ಇನ್ನು ವರ್ಣಮಾಲೆ ಕ್ರಮ ಸುಮ್ನೆ ಬಂದಿದ್ದಲ್ಲ. ಕ ಗಂಟಲು, ಚ ಅಂಗುಳು, ತ ಹಲ್ಲು, ಪ ತುಟಿ. ಬಾಯೊಳಗಿನ ನಕ್ಷೆ ಅದು. ‘ಗದಗ’ ಓದಿಸಿ ಬೀಗೋರಿಗೆ ಇದು ಅರ್ಥ ಆಗಲ್ಲ.

ಬಳಪದ_ಚೂರು: ನಕ್ಷೆ ಎಂಟನೇ ವರ್ಷಕ್ಕೆ ಕೊಡಿ ಸ್ವಾಮಿ. ಈ ಮಗುಗೆ ಕ್ರಮ ಬಾಯಿಗೆ ಬಂದಿದೆ, ಅಕ್ಷರ ಬಂದಿಲ್ಲ. ಪ್ರಶ್ನೆ ಇರೋದೇ ಅದು.

ವಟ್ರಸುಳಿ: ಇಬ್ಬರೂ ಕಾಗುಣಿತದ ಮಾತೇ ಎತ್ತಿಲ್ಲ. ಮಕ್ಕಳು ಕೈ ಬಿಡೋದು ಅಲ್ಲೇ. ಕ ಕಾ ಕಿ ಕೀ ಅಂತ ಒಂದೇ ಅಕ್ಷರ ಎಳೀಬೇಡಿ. ಒಂದು ಗುರುತನ್ನ ಗೊತ್ತಿರೋ ಐದಾರು ಅಕ್ಷರಕ್ಕೆ ಹಚ್ಚಿಸಿ. ಇಳಿ (ಆ ಗುರುತು) ಕಲಿತ ದಿನ ದಾರ, ದಾಸ, ರಾಗ, ಸಾಗರ. ಗುಡಿಸು (ಇ ಗುರುತು) ಬಂದ್ಮೇಲೆ ಗಿರಿ, ಸಿರಿ, ದಾರಿ. ತಟ್ಟೆಯಲ್ಲಿರೋದನ್ನ ‘ರಾಗಿ’ ಅಂತ ಅದೇ ತಟ್ಟೆಯಲ್ಲಿ ಬರೆಸಬಹುದು.

ಕೊಂಬಿನ (ಉ ಗುರುತು) ಹತ್ತಿರ ಹುಷಾರು. ‘ಹಾವು’ ಬರೆಯೋಕೆ ಹೋಗಿ ‘ಹಾಮ’ ಬರೆದ್ರೆ ಗದರಬೇಡಿ. ಗು, ರುಗೆ ಕೊಂಬು ಪಕ್ಕದಲ್ಲಿ ಬರತ್ತೆ. ವಕ್ಕೂ ಪಕ್ಕದಲ್ಲೇ ಹಾಕಿದ್ರೆ ಕಣ್ಣಿಗೆ ಅದು ಮ. ಅದಕ್ಕೇ ಪು, ವು ಎರಡಕ್ಕೂ ಕೆಳಗೆ ಇಳಿಸೋದು. ಮಗು ನಿಯಮ ಸರಿಯಾಗೇ ಹಾಕಿದೆ, ಅಪವಾದ ನೀವು ಹೇಳಿಕೊಟ್ಟಿಲ್ಲ. ಒತ್ತಿಗೆ ಅಕ್ಕ, ಅಮ್ಮ, ಅಜ್ಜ ಮೊದಲು. ‘ಪುಸ್ತಕ’ದ ಥರ ಬೇರೆ ಅಕ್ಷರದ ಒತ್ತು ಆಮೇಲೆ. ಅರ್ಕಾವೊತ್ತು (ರ್ ಗುರುತು) ಎಲ್ಲಕ್ಕಿಂತ ಕೊನೆಗೆ: ‘ಸೂರ್ಯ’ದಲ್ಲಿ ಕಿವಿಗೆ ರ್ ಮೊದಲು, ಕಣ್ಣಿಗೆ ಯ ಮೊದಲು. ಮತ್ತೆ ರ–ಠ, ಬ–ಭ, ದ–ಧ ಜೋಡಿಗಳನ್ನ ಒಂದೇ ವಾರ ತರಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಙ, ಞ ಬಿಟ್ಟೇ ಬಿಡಿ.

ಹಳೇ_ಕಾಪಿ: ಞ ಬಿಟ್ರೆ ‘ವಿಜ್ಞಾನ’ದ ಒತ್ತು ಎಲ್ಲಿಂದ ತರ್ತೀರಿ?

ವಟ್ರಸುಳಿ: ‘ವಿಗ್ನಾನ’ ಅನ್ನೋರೇ ಊರೆಲ್ಲ ಇರುವಾಗ ಐದು ವರ್ಷದ ಕೂಸಿನ ಮೇಲೆ ಯಾಕೆ ಹೇರ್ತೀರಿ?

ಹಳೇ_ಕಾಪಿ: ಹೀಗೇ ಬಿಟ್ಟು ಬಿಟ್ಟೇ ಹಳಗನ್ನಡದ ಱ, ೞ ಅಕ್ಷರಗಳು ಹೋಗಿದ್ದು.

ಉಪ್ಪುಕಾಗದ: ೞ ಹೋಗಿ ಎಷ್ಟೋ ನೂರು ವರ್ಷ ಆಯ್ತು, ಅದಕ್ಕೂ ಈ ಪುಟ್ಟಿಗೂ ಏನು ಸಂಬಂಧ? ಅಂದಹಾಗೆ ಹರಡಿದ ರಾಗಿ ಜಮಖಾನದ ಎಳೆಗೆ ಹೋಗಿ ಕೂತರೆ ಒಂದು ವಾರ ಗುಡಿಸಬೇಕು. ಅದನ್ನ ಯಾರೂ ಹೇಳಲ್ಲ.

ಹಳೇ_ಕಾಪಿ: ಅಂಚಿರೋ ತಟ್ಟೆ ತಗೊಳ್ಳಿ. ಒಬ್ಬಟ್ಟು ತಟ್ಟೋ ಎಲೆ ಮೇಲೆ ಹರಡಿದ್ರೆ ಇನ್ನೇನಾಗತ್ತೆ.

ಸಂಜೆ_ಆರು: ಒಂದು ಹೇಳೋಕೆ ಮರೆತೆ. ಅವಳು ಎಡಗೈಯಲ್ಲಿ ಬರೆಯೋದು. ಸ್ಲೇಟಲ್ಲಿ ಬರೆದಿದ್ದೆಲ್ಲ ಅಂಗೈಗೆ ಒರೆಸಿ ಹೋಗತ್ತೆ.

ಬಳಪದ_ಚೂರು: ಕೈ ಬದಲಾಯಿಸಬೇಡಿ. ಸ್ಲೇಟು ಅವಳ ಎದೆಯ ನೇರಕ್ಕಿಂತ ಸ್ವಲ್ಪ ಎಡಕ್ಕಿರಲಿ, ಮೇಲಂಚು ಬಲಕ್ಕೆ ವಾಲಲಿ. ಬಳಪವನ್ನ ತುದಿಯಿಂದ ಒಂದಿಂಚು ಹಿಂದೆ ಹಿಡಿಸಿ. ಕೈ ಗೆರೆಯ ಕೆಳಗೇ ಉಳಿಯತ್ತೆ. ಒಂದು ಸಾಲಿಗೆ ಮೂರೇ ಅಕ್ಷರ.