ಬೇಸೊಫಿಲ್ ಟೆಸ್ಟ್: ಸಿಡಿ63 ಏರುತ್ತಲೇ ಇಲ್ಲ, ಸಹಾಯ ಮಾಡಿ

ಲ್ಯಾಬ್_ಹುಡುಗಿ:
ಎರಡು ವಾರದಿಂದ ಬೇಸೊಫಿಲ್ ಆ್ಯಕ್ಟಿವೇಶನ್ ಟೆಸ್ಟ್ (ಅಲರ್ಜಿ ತಿಳಿಯಲು ಬೇಸೊಫಿಲ್ ಎಂಬ ಬಿಳಿ ರಕ್ತಕಣವನ್ನು ಕೆರಳಿಸಿ ನೋಡುವ ಪರೀಕ್ಷೆ) ಮಾಡುತ್ತಿದ್ದೇನೆ, ಮೂವರ ರಕ್ತ. ಆ್ಯಂಟಿ-ಐಜಿಇ (ಅಲರ್ಜಿಯ ಐಜಿಇ ಆ್ಯಂಟಿಬಾಡಿಗೆ ಅಂಟುವಂಥದ್ದು) ಹಾಕಿದರೂ ಎಫ್‌ಎಂಎಲ್‌ಪಿ ಹಾಕಿದರೂ (ಎರಡೂ ಬೇಸೊಫಿಲ್ ಕೆರಳಿಸುವ ವಸ್ತುಗಳು) ಕೆರಳಿದ ಗುರುತಾದ ಸಿಡಿ63 ಪ್ರೋಟೀನ್ ತೋರಿಸುವ ಕೋಶ ಶೇಕಡಾ 2 ದಾಟುತ್ತಿಲ್ಲ, ಸುಮ್ನೆ ಬಫರ್ ಹಾಕಿದ ಟ್ಯೂಬ್‌ನಲ್ಲೂ ಅಷ್ಟೇ. ಹೊಸ ಆ್ಯಂಟಿಬಾಡಿ ತರಿಸಿಯೂ ನೋಡಿದೆ. ತುಂಬಾ ಬೇಜಾರಾಗಿದೆ.

ಫ್ಲೋ_ಮೇಷ್ಟ್ರು:
ಎರಡು ಪಾಸಿಟಿವ್ ಕಂಟ್ರೋಲೂ (ಟೆಸ್ಟ್ ಸರಿಯಿದ್ದರೆ ಏರಬೇಕಾದವು) ಒಟ್ಟಿಗೆ ಕೈಕೊಟ್ಟಿವೆ ಅಂದರೆ ಮೊದಲು ರಕ್ತ ನೋಡಬೇಕು. ಟ್ಯೂಬ್ ಮುಚ್ಚಳದ ಬಣ್ಣ ಯಾವುದು?

ಲ್ಯಾಬ್_ಹುಡುಗಿ:
ನೇರಳೆ ಸರ್. ಸಿಬಿಸಿಗೆ (ರಕ್ತಕಣಗಳ ಎಣಿಕೆಗೆ) ತೆಗೆದು ಉಳಿದಿದ್ದು.

ಫ್ಲೋ_ಮೇಷ್ಟ್ರು:
ಅಲ್ಲೇ ಇದೆ ನೋಡಿ. ನೇರಳೆ ಟ್ಯೂಬ್‌ನಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಸಿಡಿ63 ಇರುವುದು ಬೇಸೊಫಿಲ್ ಒಳಗಿನ ಹಿಸ್ಟಮಿನ್ ತುಂಬಿದ ಕಾಳುಗಳ ಪೊರೆಯಲ್ಲಿ, ಆ ಕಾಳು ಬಂದು ಕೋಶದ ಹೊರಪೊರೆಗೆ ಸೇರಿದಾಗ ಮಾತ್ರ ಅದು ನಮ್ಮ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಬಫರ್‌ನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಇಡಿಟಿಎ ಕೂಡ ನಡೆಯುತ್ತದೆ, ನಿಮ್ಮದರಲ್ಲಿ ಇಲ್ಲ ಅನ್ನಿಸುತ್ತದೆ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್‌ನಲ್ಲಿ ತೆಗೆಸಿ, ಅದೇ ದಿನ ಮಾಡಿ, 37 ಡಿಗ್ರಿಯಲ್ಲಿಡಿ. ಬಿಳಿ ರಕ್ತಕಣಗಳಲ್ಲಿ ಬೇಸೊಫಿಲ್ ಶೇಕಡಾ 1ಕ್ಕಿಂತ ಕಡಿಮೆ, ಹಾಗಾಗಿ 500 ಬೇಸೊಫಿಲ್ ಆದರೂ ಸಿಗುವವರೆಗೆ ಕೋಶ ಎಣಿಸುವ ಮಷಿನ್ ಓಡಿಸಿ.

ಲ್ಯಾಬ್_ಹುಡುಗಿ:
ಸರ್, ಬಂತು! ಇಬ್ಬರಲ್ಲಿ ಆ್ಯಂಟಿ-ಐಜಿಇಗೆ ಶೇಕಡಾ 48, 61. ಆದರೆ ಮೂರನೆಯವರಿಗೆ ಎಫ್‌ಎಂಎಲ್‌ಪಿಗೆ 35, ಆ್ಯಂಟಿ-ಐಜಿಇಗೆ ಬರೀ 3. 500 ಬೇಸೊಫಿಲ್ ಸಿಗಲು ತುಂಬಾ ಹೊತ್ತು ಓಡಿಸಬೇಕಾಯಿತು. ಅವರಿಗೆ ತಿಂಗಳುಗಟ್ಟಲೆ ಪಿತ್ತದ ಗಂಧೆ. ಮತ್ತೆ ನನ್ನ ತಪ್ಪಾ?

ಅಲರ್ಜಿ_ಡಾಕ್ಟರ್:
ನಿಮ್ಮ ತಪ್ಪಲ್ಲಮ್ಮ. ಎಫ್‌ಎಂಎಲ್‌ಪಿ ಐಜಿಇಯ ದಾರಿ ಹಿಡಿಯುವುದಿಲ್ಲ, ಅದಕ್ಕೆ ಉತ್ತರ ಬಂದಿದೆ ಅಂದರೆ ಕೋಶಗಳು ಚೆನ್ನಾಗಿವೆ. ಎಲ್ಲರ ಬೇಸೊಫಿಲ್ ಒಂದೇ ಥರ ಇರುವುದಿಲ್ಲ ಅಲ್ವಾ, ನೂರರಲ್ಲಿ ಸುಮಾರು 10-20 ಜನರಲ್ಲಿ ಐಜಿಇ ಮೂಲಕ ತಟ್ಟಿದರೆ ಇವು ಏಳುವುದೇ ಇಲ್ಲ, ಒಳಗೆ ಸಂದೇಶ ಮುಟ್ಟಿಸುವ ಸಿಕ್ ಪ್ರೋಟೀನ್ ಕಡಿಮೆ ಇರುತ್ತದೆ. ಗಂಧೆ ಹಳೆಯದಾದವರಲ್ಲಿ ಇದು ಇನ್ನೂ ಜಾಸ್ತಿ. ಬೇಸೊಫಿಲ್ ರಕ್ತದಿಂದ ಚರ್ಮಕ್ಕೆ ಹೋಗಿ ಸೇರುವುದರಿಂದ ಅವರಲ್ಲಿ ಎಣಿಕೆಯೂ ಇಳಿಯುತ್ತದೆ, ಕಾಯಿಲೆ ತಗ್ಗಿದಾಗ ಎಷ್ಟೋ ಜನರಲ್ಲಿ ಎರಡೂ ಸರಿಹೋಗುತ್ತವೆ. ಒಂದು ಮಾತ್ರ ಖಂಡಿತ ಮಾಡಬೇಡಿ: ಇವರ ಅಲರ್ಜನ್ ರಿಪೋರ್ಟ್‌ನಲ್ಲಿ ನೆಗೆಟಿವ್ ಅಂತ ಬರೆಯಬೇಡಿ. ಈ ರಕ್ತದಲ್ಲಿ ಹೇಳಲು ಬರುವುದಿಲ್ಲ ಅಂತಲೇ ಬರೆಯಿರಿ.

ಲ್ಯಾಬ್_ಹುಡುಗಿ:
ಅಯ್ಯೋ, ಕಡಲೆಕಾಯಿಗೆ ನೆಗೆಟಿವ್ ಅಂತ ಟೈಪ್ ಮಾಡಿಟ್ಟಿದ್ದೆ. ಇನ್ನೂ ಕಳಿಸಿರಲಿಲ್ಲ. ಈಗಲೇ ತೆಗೆದೆ ಡಾಕ್ಟ್ರೇ.